ಈರುಳ್ಳಿಯ ಅಕಾಲಪುಷ್ಪ ಮತ್ತು ಬೇಸಾಯದ ಕಾಲನಿರ್ಣಯ

ಈರುಳ್ಳಿಯ ಹೊಲದಲ್ಲಿ ಹೂವನ್ನು ಕಂಡು ಹಿಗ್ಗುವವನು ದಾರಿಹೋಕನೇ ಹೊರತು ಬೆಳೆಗಾರನಲ್ಲ. ಮಿಕ್ಕ ಅನೇಕ ಬೆಳೆಗಳಲ್ಲಿ ಹೂವು ಫಲದ ಮುನ್ಸೂಚನೆಯಾದರೆ, ಗೆಡ್ಡೆಗಾಗಿ ಬೆಳೆಯುವ ಈರುಳ್ಳಿಯಲ್ಲಿ ಅದು ನಷ್ಟದ ಮುನ್ಸೂಚನೆ. ಎಲೆಗಳ ನಡುವಿನಿಂದ ಟೊಳ್ಳಾದ, ನಡುಭಾಗದಲ್ಲಿ ಉಬ್ಬಿದ ಒಂದು ದಂಟು ಮೇಲೆದ್ದು, ಅದರ ತುದಿಯಲ್ಲಿ ನೂರಾರು ಬಿಳಿಯ ಕಿರುಹೂಗಳ ಚೆಂಡು ಅರಳಿತೆಂದರೆ, ಗೆಡ್ಡೆಗೆ ಇಳಿಯಬೇಕಾಗಿದ್ದ ಸಾರವು ಹೂವಿಗೂ ಬೀಜಕ್ಕೂ ವೆಚ್ಚವಾಗತೊಡಗಿತೆಂದೇ ಅರ್ಥ. ಅಂಥ ಗಿಡದ ಗೆಡ್ಡೆ ಸಣ್ಣದಾಗಿ ಉಳಿಯುತ್ತದೆ. ಅದನ್ನು ಕೊಯ್ದು ನೋಡಿದರೆ ನಟ್ಟನಡುವೆ ನಾರುಗಟ್ಟಿದ ದಂಟಿನ ಬುಡ ಕಾಣುತ್ತದೆ. ಆ ದಂಟು ಒಣಗಿದ ಜಾಗದಿಂದ ತೇವ ಒಳಕ್ಕಿಳಿದು ಗೆಡ್ಡೆ ಬೇಗನೆ ಕೊಳೆಯುತ್ತದೆ. ಮಂಡಿಯ ವರ್ತಕನು ಇಂಥ ಗೆಡ್ಡೆಗಳನ್ನು ಬೆರಳಿನಿಂದ ಒತ್ತಿ ನೋಡಿದ ಮಾತ್ರಕ್ಕೆ ಗುರುತಿಸಿ ಬದಿಗೆ ತಳ್ಳುತ್ತಾನೆ. ಇದನ್ನೇ ನಾವು ಈ ಲೇಖನದಲ್ಲಿ ಅಕಾಲಪುಷ್ಪವೆಂದು ಕರೆದಿದ್ದೇವೆ.

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಈರುಳ್ಳಿಯ ಮಾತೇಕೆ ಎಂದು ವಾಚಕರು ಕೇಳಬಹುದು. ನಮ್ಮ ಉತ್ತರ ಸರಳವಾದುದು. ಕಾಲಾನುಕ್ರಮವನ್ನು ನಿರ್ಣಯಿಸುವುದು ಇತಿಹಾಸಕಾರನ ಮೊದಲ ಕೆಲಸ. ಯಾವ ಘಟನೆ ಮೊದಲು, ಯಾವುದು ಅನಂತರ, ಎರಡರ ನಡುವೆ ಎಷ್ಟು ದಿನಗಳು ಕಳೆದವು ಎಂಬುದನ್ನು ತಿಳಿಯದೆ ಕಾರಣವನ್ನು ಹೇಳಹೊರಟರೆ ತಪ್ಪು ಆರೋಪಗಳು ಹುಟ್ಟುತ್ತವೆ. ಈರುಳ್ಳಿಯ ಹೊಲದಲ್ಲಿಯೂ ಆಗುತ್ತಿರುವುದು ಇದೇ ಎಂಬುದು ನಮಗೆ ಒಡೆಯರಪಾಳ್ಯದಲ್ಲಿ ಮನವರಿಕೆಯಾಯಿತು.

ಒಡೆಯರಪಾಳ್ಯವು ಹಿಂದಿನ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದು, ಈಗ ಹನೂರು ತಾಲ್ಲೂಕಿನಲ್ಲಿರುವ ಗ್ರಾಮ. ಲೊಕ್ಕನಹಳ್ಳಿಯನ್ನು ದಾಟಿ ಹೋಗುವವರಿಗೆ ನೆಲ ಏರುತ್ತಿರುವುದು ಕಾಲಿಗಿಂತ ಮೊದಲು ಗಾಳಿಯಿಂದಲೇ ತಿಳಿಯುತ್ತದೆ. 1956ರ ನವೆಂಬರ್ 1ರವರೆಗೆ ಈ ಸೀಮೆಯೆಲ್ಲವೂ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯ ಪುನರ್ವಿಂಗಡಣೆಯ ಫಲವಾಗಿ ಮೈಸೂರಿಗೆ ಬಂದಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯ ಭಾಗವಾಯಿತು. 1973-74ರ ಸುಮಾರಿಗೆ ಇಲ್ಲಿ ಟಿಬೆಟ್ ನಿರಾಶ್ರಿತರಿಗಾಗಿ ಧೋಂಡೆನ್‌ಲಿಂಗ್ ಎಂಬ ವಸತಿ ನೆಲೆಗೊಂಡಿತು. ಮುಸುಕಿನ ಜೋಳವೇ ಆ ನೆಲೆಯ ಮುಖ್ಯ ಬೆಳೆ. ಹಿಮದ ನಾಡಿನಿಂದ ಬಂದವರಿಗೆ ಇಲ್ಲಿಯ ಪುಷ್ಯಮಾಸದ ಚಳಿ ಚಳಿಯೇ ಅಲ್ಲ. ಈರುಳ್ಳಿಯ ಗಿಡಕ್ಕೆ ಮಾತ್ರ ಅಷ್ಟೇ ಚಳಿ ಸಾಕಾಗುತ್ತದೆ ಎಂಬುದು ಮುಂದೆ ವಿಶದವಾಗುತ್ತದೆ.

ನಾವು ಅಲ್ಲಿಗೆ ಹೋದದ್ದು ಗ್ರಾಮದ ಹಿರಿಯರಿಂದ ಹಳೆಯ ಬೇಸಾಯಕ್ರಮದ ನೆನಪುಗಳನ್ನು ಬರೆದುಕೊಳ್ಳುವುದಕ್ಕಾಗಿ. ಫೆಬ್ರವರಿಯ ನಡುಭಾಗ. ದಾರಿಯ ಬದಿಯ ಅರ್ಧ ಎಕರೆಯಷ್ಟು ಈರುಳ್ಳಿ ಹೊಲದಲ್ಲಿ ಮೂರು ಗಿಡಕ್ಕೊಂದರಂತೆ ಹೂದಂಟು ಎದ್ದು ನಿಂತಿತ್ತು. ಬದುವಿನ ಮೇಲೆ ಕುಳಿತಿದ್ದ ಬೆಳೆಗಾರರು, "ಬೀಜವೇ ಸರಿಯಿಲ್ಲ ಕಣಿ ಮೇಷ್ಟ್ರೇ, ಅಂಗಡಿಯವನು ಮೋಸ ಮಾಡ್ಬುಟ್ಟ" ಎಂದರು. ಸಾಲ ಮಾಡಿ ನಾಟಿ ಹಾಕಿಸಿದ್ದ ಆ ಕುಟುಂಬಕ್ಕೆ ಆ ವರ್ಷದ ನಗದು ವರಮಾನವೆಂದರೆ ಇದೊಂದೇ ಹೊಲ. ಅವರ ಮಾತನ್ನು ನಾವೂ ಹಾಗೆಯೇ ಬರೆದುಕೊಂಡು ಬಂದುಬಿಡುತ್ತಿದ್ದೆವೋ ಏನೋ. ಆದರೆ ಸ್ವಲ್ಪ ಆಚೆಗೆ ಅವರ ದಾಯಾದಿಗಳದೇ ಮತ್ತೊಂದು ಹೊಲದಲ್ಲಿ ಒಂದೇ ಒಂದು ದಂಟೂ ಕಾಣಲಿಲ್ಲ. ವಿಚಾರಿಸಲಾಗಿ ಎರಡು ಹೊಲಗಳ ಬೀಜವೂ ಒಂದೇ ಅಂಗಡಿಯದು, ಒಂದೇ ಹೆಸರಿನದು, ಇಬ್ಬರೂ ಒಂದೇ ದಿನ ಕೂಡಿ ಹೋಗಿ ಕೊಂಡುತಂದದ್ದು ಎಂದು ತಿಳಿಯಿತು. ಬೇರೆಯಾಗಿದ್ದದ್ದು ಬಿತ್ತಿದ ಕಾಲ. ಮೊದಲನೆಯವರು ಉತ್ತರೆ ಮಳೆಯಲ್ಲಿ, ಎಂದರೆ ಸೆಪ್ಟೆಂಬರ್ ನಡುವಿನಲ್ಲಿ, ಒಟ್ಲು ಹಾಕಿ ಸ್ವಾತಿಯ ಹದದಲ್ಲಿ ನಾಟಿ ಮುಗಿಸಿದ್ದರು. ಎರಡನೆಯವರು ಒಟ್ಲು ಹಾಕಿದ್ದೇ ಸ್ವಾತಿ ಮುಗಿಯುವಾಗ. ನಾಟಿ ಮಾಡಿದ್ದು ಡಿಸೆಂಬರಿನ ಕೊನೆಯ ವಾರದಲ್ಲಿ. ಮಾರ್ಚ್ ತಿಂಗಳ ಕೊನೆಯಲ್ಲಿ ನಾವು ಮತ್ತೊಮ್ಮೆ ಹೋದಾಗಲೂ ಈ ಎರಡನೆಯ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ದಂಟನ್ನು ಬಿಟ್ಟರೆ ಗೆಡ್ಡೆಗಳು ಚೆನ್ನಾಗಿ ಕೂತಿದ್ದವು.

ಈ ಆರೇಳು ವಾರಗಳ ಅಂತರದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಅಡಗಿರುವುದು ಹೇಗೆ? ಇದನ್ನು ತಿಳಿಯಬೇಕಾದರೆ ಈರುಳ್ಳಿಯ ಸಹಜವಾದ ಬಾಳ್ವೆಯನ್ನು ಮೊದಲು ಗಮನಿಸಬೇಕು.

ಈರುಳ್ಳಿ ಸ್ವಭಾವತಃ ಎರಡು ವರ್ಷಗಳ ಸಸ್ಯ. ಮೊದಲ ವರ್ಷ ಎಲೆಗಳನ್ನು ಬೆಳೆಸಿ, ಎಲೆಗಳ ಬುಡದಲ್ಲಿ ಆಹಾರವನ್ನು ಸಂಗ್ರಹಿಸಿ ಗೆಡ್ಡೆಯಾಗುತ್ತದೆ. ಚಳಿಗಾಲವನ್ನು ಕಳೆದ ಆ ಗೆಡ್ಡೆ ಎರಡನೆಯ ವರ್ಷ ಮತ್ತೆ ಚಿಗುರಿ ಹೂಬಿಟ್ಟು ಬೀಜವಾಗಿ ಮುಗಿಯುತ್ತದೆ. ಮನುಷ್ಯನಿಗೆ ಬೇಕಾದದ್ದು ಮೊದಲ ವರ್ಷದ ಸಂಗ್ರಹ ಮಾತ್ರ. ಆದುದರಿಂದ ಅವನು ಅದನ್ನು ನಡುವೆಯೇ ಕಿತ್ತುಬಿಡುತ್ತಾನೆ. ಎರಡನೆಯ ವರ್ಷಕ್ಕೆ ಮೀಸಲಾದ ಹೂವು ಮೊದಲನೆಯ ವರ್ಷದಲ್ಲಿಯೇ ಬರುವುದೇ ಅಕಾಲಪುಷ್ಪ. ಹೀಗೆ ನೋಡಿದರೆ ಇದು ರೋಗವಲ್ಲ, ಕೀಟದ ಉಪದ್ರವವೂ ಅಲ್ಲ. ತನ್ನ ಮೊದಲ ಚಳಿಗಾಲ ಆಗಲೇ ಕಳೆಯಿತೆಂದು ಗಿಡವು ಲೆಕ್ಕಹಾಕಿದೆ; ಆ ಲೆಕ್ಕದ ಪ್ರಕಾರ ಹೂವು ಸಕಾಲದಲ್ಲಿಯೇ ಬಂದಿದೆ.

ಗಿಡ ಈ ಲೆಕ್ಕವನ್ನು ಹಾಕುವುದು ಚಳಿಯ ಮೂಲಕ. ಕೆಲವು ವಾರಗಳ ಕಾಲ ಎಡೆಬಿಡದೆ ತಂಪನ್ನು ಅನುಭವಿಸಿದ ಮೇಲೆ ಸಸ್ಯದ ಬೆಳೆಯುವ ಕುಡಿ ಎಲೆಗಳನ್ನು ಹುಟ್ಟಿಸುವುದನ್ನು ನಿಲ್ಲಿಸಿ ಹೂಗೊಂಚಲನ್ನು ಹುಟ್ಟಿಸುವುದಕ್ಕೆ ತಿರುಗಿಕೊಳ್ಳುವ ಈ ಕ್ರಿಯೆಗೆ ವಿಜ್ಞಾನಿಗಳು ವರ್ನಲೈಸೇಷನ್ ಎಂದು ಹೆಸರಿಟ್ಟಿದ್ದಾರೆ. ಶೀತಸಂಸ್ಕಾರವೆಂದು ಕರೆಯುವುದು ನಮಗೆ ಒಪ್ಪಿತವಾಗಿ ತೋರುತ್ತದೆ. ಈರುಳ್ಳಿಯಲ್ಲಿ ಇದಕ್ಕೆ ಅತ್ಯಂತ ಅನುಕೂಲವಾದ ಉಷ್ಣತೆ ಸಾಮಾನ್ಯವಾಗಿ 9ರಿಂದ 13 ಸೆಂಟಿಗ್ರೇಡ್ ಡಿಗ್ರಿ. ಆದರೆ ಇದು ಶೀತದೇಶಗಳ ತಳಿಗಳನ್ನು ಮುಂದಿಟ್ಟುಕೊಂಡು ಹೇಳಿದ ಮಾತು. ಉಷ್ಣವಲಯದ ತಳಿಗಳು ಇದಕ್ಕಿಂತ ಹೆಚ್ಚಿನ, 15 ಡಿಗ್ರಿ ಮತ್ತು ಅದಕ್ಕೂ ಮೇಲಿನ ಉಷ್ಣತೆಯಲ್ಲಿಯೂ ಹೂವಿಗೆ ಅಣಿಯಾಗಬಲ್ಲವು. ನಮ್ಮ ಸೀಮೆಯಲ್ಲಿ ಹಿಮ ಬೀಳುವುದಿಲ್ಲವಾದ್ದರಿಂದ ಚಳಿಯ ಮಾತೇ ಇಲ್ಲವೆಂದು ತಿಳಿಯುವುದು ಆದಕಾರಣ ಸರಿಯಲ್ಲ. ನೆಲ ನೂರು ಮೀಟರಿನಷ್ಟು ಏರಿದಂತೆಲ್ಲ ಗಾಳಿ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚಾಗಿ ತಂಪಾಗುತ್ತ ಹೋಗುತ್ತದೆ. ಹನೂರಿನ ಬಯಲಿನಲ್ಲಿ ನಿರಪಾಯವಾದ ಬಿತ್ತನೆಯ ದಿನವು ಒಡೆಯರಪಾಳ್ಯದ ಮೇಲುನೆಲದಲ್ಲಿ ಅಪಾಯದ ದಿನವಾಗಬಹುದು. ಎರಡು ಊರುಗಳಿಗೂ ಒಂದೇ ಪಂಚಾಂಗವಿದೆ. ಚಳಿ ಮಾತ್ರ ಒಂದೇ ಅಲ್ಲ.

ಆದರೆ ಚಳಿಯೊಂದೇ ಸಾಲದು. ಈ ವಿಷಯದ ಜೀವಾಳ ಇಲ್ಲಿದೆ. ಎಳೆಯ ಸಸಿಗೆ ಎಷ್ಟು ಚಳಿ ತಾಗಿದರೂ ಅದು ಹೂವಿಗೆ ತಿರುಗುವುದಿಲ್ಲ. ಅದಕ್ಕೆ ಚಳಿಯನ್ನು ಗುರುತಿಸುವ ವಯಸ್ಸೇ ಬಂದಿರುವುದಿಲ್ಲ. ಗಿಡವು ಒಂದು ಗೊತ್ತಾದ ಗಾತ್ರವನ್ನು ಮುಟ್ಟಿದ ಮೇಲೆ, ಅಂದರೆ ಸ್ಥೂಲವಾಗಿ ಹೇಳುವುದಾದರೆ ಏಳೆಂಟು ಎಲೆಗಳಾಗಿ ಕತ್ತು ಪೆನ್ಸಿಲಿನಷ್ಟು ದಪ್ಪವಾದ ಮೇಲೆ, ತಾಗುವ ಚಳಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಈ ಗಾತ್ರ ತಳಿಯಿಂದ ತಳಿಗೆ ಸ್ವಲ್ಪ ಹೆಚ್ಚುಕಡಮೆಯಾಗುವುದುಂಟು. ಗಾತ್ರ ಮತ್ತು ಚಳಿ, ಇವೆರಡೂ ಒಂದೇ ಕಾಲದಲ್ಲಿ ಕೂಡಿದಾಗ ಅಕಾಲಪುಷ್ಪ ಸಂಭವಿಸುತ್ತದೆ. ಒಂದು ತಪ್ಪಿದರೂ ಸಂಭವಿಸದು. ಉತ್ತರೆಯಲ್ಲಿ ಬಿತ್ತಿದ ಗಿಡ ಡಿಸೆಂಬರಿನ ನಡುವಿಗೆ ಹರೆಯಕ್ಕೆ ಬಂದು ನಿಂತಿತ್ತು. ಅದೇ ಚಳಿಯನ್ನು ಎರಡನೆಯ ಹೊಲದ ಗಿಡಗಳು ನಾಲ್ಕೈದು ಎಲೆಯ ಶಿಶುಗಳಾಗಿ ಕಳೆದವು. ಅವು ದೊಡ್ಡವಾಗುವ ಹೊತ್ತಿಗೆ ಶಿವರಾತ್ರಿ ಬಂದು ಚಳಿ ಹಿಂದೆಗೆದಿತ್ತು.

ಇನ್ನೊಂದು ಅಂಶವನ್ನೂ ಇಲ್ಲಿ ಸೇರಿಸಬೇಕು. ಗೆಡ್ಡೆ ಕಟ್ಟುವುದಕ್ಕೆ ಗಿಡ ನೋಡುವುದು ಹಗಲಿನ ಉದ್ದವನ್ನು ಮತ್ತು ಗಾಳಿಯ ಬಿಸುಪನ್ನು. ಹಗಲು ಹಿಗ್ಗಿ ಬಿಸಿಲು ಏರಿದರೆ ಗೆಡ್ಡೆ ಬೇಗ ಕೂರುತ್ತದೆ. ಹಗಲು ಕುಗ್ಗಿ ತಂಪಾದರೆ ತಡವಾಗುತ್ತದೆ. ಒಡೆಯರಪಾಳ್ಯ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ವರ್ಷದ ಅತಿ ದೀರ್ಘವಾದ ಹಗಲು 12 ಗಂಟೆ 50 ನಿಮಿಷಗಳಷ್ಟು, ಅತಿ ಕಿರಿದಾದದ್ದು 11 ಗಂಟೆ 25 ನಿಮಿಷಗಳಷ್ಟು. ಡಿಸೆಂಬರ್ ಮತ್ತು ಜನವರಿಯಲ್ಲಿ, ಆದಕಾರಣ, ಗೆಡ್ಡೆಗೆ ಎರಡು ಬಗೆಯ ತಡೆ, ಹೂವಿಗೆ ಒಂದು ಬಗೆಯ ಪ್ರೇರಣೆ ಒಟ್ಟಿಗೆ ಒದಗುತ್ತವೆ. ಗೆಡ್ಡೆಯೂ ಹೂವೂ ಒಂದೇ ಕುಡಿಯಲ್ಲಿ ಪೈಪೋಟಿ ನಡೆಸುತ್ತವೆಯೆಂದು ಹೇಳಿದರೆ ತಪ್ಪಾಗದು. ಹೂಗೊಂಚಲು ಒಳಗೆ ಮೊಳೆತ ಮೇಲೆಯೂ ಬಿಸಿಲು ಬೇಗ ಏರಿ ಗೆಡ್ಡೆ ಚುರುಕಾಗಿ ಕಟ್ಟತೊಡಗಿದರೆ ಆ ಗೊಂಚಲು ಒಳಗೇ ಸೊರಗಿಹೋಗುವುದುಂಟು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದ ವಿಜ್ಞಾನಿಗಳೂ ಅವರ ಸಹೋದ್ಯೋಗಿಗಳೂ 2013ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಈ ಪೈಪೋಟಿಯ ಒಳಗುಟ್ಟು ಬಹುಮಟ್ಟಿಗೆ ಬಯಲಾಯಿತು. ಈರುಳ್ಳಿಯಲ್ಲಿ ಒಂದೇ ವಂಶದ ಹಲವು ಜೀನ್‌ಗಳಿದ್ದು, ಚಳಿಯಿಂದ ಎಚ್ಚರಗೊಳ್ಳುವ ಒಂದು ಹೂವನ್ನು ಬರಿಸುತ್ತದೆ, ಮತ್ತೊಂದು ಗೆಡ್ಡೆಯನ್ನು ಕಟ್ಟಿಸುತ್ತದೆ, ಮೂರನೆಯದು ಹಗಲು ಸಾಕಷ್ಟು ಉದ್ದವಾಗುವ ತನಕ ಗೆಡ್ಡೆ ಕಟ್ಟದಂತೆ ತಡೆಹಿಡಿಯುತ್ತದೆ ಎಂದು ಅವರು ತೋರಿಸಿಕೊಟ್ಟರು.

ಹಗಲಿನ ಮಾತು ಬಂದದ್ದರಿಂದ ಬೀಜದ ಆಯ್ಕೆಯ ವಿಷಯವನ್ನೂ ಹೇಳಿಬಿಡುವುದು ಒಳ್ಳೆಯದು. ಯೂರೋಪು, ಅಮೆರಿಕಗಳ ಉತ್ತರಭಾಗದ ತಳಿಗಳಿಗೆ ಗೆಡ್ಡೆ ಕಟ್ಟಲು 14ರಿಂದ 16 ಗಂಟೆಗಳ ಹಗಲು ಬೇಕು. ಅಂಥ ಹಗಲು ನಮ್ಮಲ್ಲಿ ಯಾವ ತಿಂಗಳೂ ಇಲ್ಲ. ಅವುಗಳನ್ನು ಇಲ್ಲಿ ಬಿತ್ತಿದರೆ ಬರಿಯ ಎಲೆಯಾಗಿ ಬೆಳೆದು, ಚಳಿ ಬಂದಾಗ ಹೂವಿಗೆ ಹೋಗುವುದೊಂದೇ ಅವುಗಳಿಗೆ ಉಳಿದ ದಾರಿ. ನಮ್ಮ ದೇಶದ ತಳಿಗಳಲ್ಲಿಯೂ ಋತುಭೇದವುಂಟು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನ ಸಂಸ್ಥೆಯವರು ಹೊರತಂದ ಅರ್ಕಾ ಕಲ್ಯಾಣ್ ಮುಂಗಾರಿಗೆ ಹೇಳಿದ್ದು. ಅರ್ಕಾ ನಿಕೇತನ್ ಹಿಂಗಾರಿಗೂ ಸಂಗ್ರಹಣೆಗೂ ಹೆಸರಾದದ್ದು. ಮುಂಗಾರಿನ ಬೀಜ ಮಿಕ್ಕಿತೆಂದು ಹಿಂಗಾರಿಗೆ ಬಿತ್ತುವುದು ಹೂವಿಗೆ ಎಡೆಮಾಡಿಕೊಡಬಹುದು. ಈ ಮಟ್ಟಿಗೆ ಬೀಜದ ಅಂಗಡಿಯ ಮೇಲಿನ ದೂರಿನಲ್ಲಿ ಒಂದಂಶ ನಿಜವಿರಬಹುದು, ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದೇ ಬೀಜ ಎರಡು ಹೊಲಗಳಲ್ಲಿ ಎರಡು ಬಗೆಯಾಗಿ ನಡೆದುಕೊಂಡಾಗ ಬೀಜವನ್ನೇ ದೂರುವುದಕ್ಕೆ ಆಧಾರವಿಲ್ಲ.

ಬೀಜಕ್ಕೆ ಸಂಬಂಧಿಸಿದ ಮತ್ತೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಮೊದಲ ಹೊಲದ ಬೆಳೆಗಾರರು, "ಹೋದದ್ದು ಹೋಯ್ತು, ಹೂವಾದರೂ ಬಲಿತರೆ ಬರುವ ವರ್ಷಕ್ಕೆ ಬೀಜದ ಖರ್ಚು ಉಳಿಯುತ್ತೆ" ಎಂದು ದಂಟುಗಳನ್ನು ಹಾಗೆಯೇ ಬಿಡಲು ಯೋಚಿಸಿದ್ದರು. ಈರುಳ್ಳಿ ಬೀಜ ಸಾಮಾನ್ಯ ಹವೆಯಲ್ಲಿ ಒಂದು ವರ್ಷ ಕಳೆಯುವುದರೊಳಗೆ ಮೊಳೆಯುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುವುದರಿಂದ ಪ್ರತಿವರ್ಷವೂ ಹೊಸ ಬೀಜವನ್ನು ಕೊಳ್ಳಲೇಬೇಕು. ಆದಕಾರಣ ಅವರ ಯೋಚನೆ ಅಸಹಜವಾದುದಲ್ಲ. ಆದರೆ ಇದರಿಂದ ಆಗುವ ಕೇಡನ್ನು ತಿಳಿಸಲು ಸಸ್ಯವಿಜ್ಞಾನದ ಇತಿಹಾಸದಿಂದ ಒಂದು ಪ್ರಕರಣವನ್ನು ನೆನೆಯುವುದು ಉಚಿತ.

ಚಳಿಯಿಂದ ಹೂವು ಪ್ರೇರಿತವಾಗುವುದನ್ನು ಜರ್ಮನಿಯ ಗಾಸ್ನರ್ ಎಂಬ ವಿದ್ವಾಂಸನು 1918ರಲ್ಲಿಯೇ ರೈ ಧಾನ್ಯದಲ್ಲಿ ಪ್ರಯೋಗದಿಂದ ತೋರಿಸಿದ್ದನು. ಹತ್ತು ವರ್ಷಗಳ ಅನಂತರ ಸೋವಿಯತ್ ದೇಶದ ಲೈಸೆಂಕೋ ಈ ಕ್ರಿಯೆಗೆ ರಷ್ಯನ್ ಭಾಷೆಯಲ್ಲಿ ಹೆಸರು ಕೊಟ್ಟು ಪ್ರಸಿದ್ಧಿಗೆ ತಂದನು. ವರ್ನಲೈಸೇಷನ್ ಎಂಬುದು ಆ ಹೆಸರಿನ ರೂಪಾಂತರ. ಅಷ್ಟಕ್ಕೆ ನಿಲ್ಲದೆ, ಬೀಜಕ್ಕೆ ಕೊಟ್ಟ ಚಳಿಯ ಪರಿಣಾಮ ಅದರ ಸಂತತಿಗೂ ಇಳಿದುಬರುತ್ತದೆಂದು ಅವನು ಸಾಧಿಸಹೊರಟನು. ಆಳುವವರ ಬೆಂಬಲ ಅವನಿಗೆ ದೊರೆಯಿತು. ಒಪ್ಪದ ತಳಿವಿಜ್ಞಾನಿಗಳು ಹಿಂಸೆಗೊಳಗಾದರು. ಜಗತ್ತಿನ ಬೆಳೆಗಳ ಬೀಜಗಳನ್ನು ಸಂಗ್ರಹಿಸಿದ ಮಹಾವಿಜ್ಞಾನಿ ವಾವಿಲೋವ್ 1943ರಲ್ಲಿ ಸರಾತೋವ್ ಸೆರೆಮನೆಯಲ್ಲಿ ತೀರಿಕೊಂಡನು. ಒಂದು ಸಸ್ಯಕ್ರಿಯೆಯ ಹೆಸರಿನೊಡನೆ ಇಷ್ಟು ಕಹಿಯಾದ ಚರಿತ್ರೆ ಸೇರಿಕೊಂಡಿರುವುದು ಅಪರೂಪ.

ತಾಯಿಗಿಡ ಅನುಭವಿಸಿದ ಚಳಿ ಬೀಜಕ್ಕೆ ಇಳಿಯುವುದಿಲ್ಲವೆಂಬುದು ಈಗ ನಿಸ್ಸಂದೇಹ. ಹಾಗಾದರೆ ಅಕಾಲದಲ್ಲಿ ಹೂಬಿಟ್ಟ ಗಿಡದ ಬೀಜದಿಂದ ಕೇಡೇನು? ಚಳಿ ಇಳಿಯದಿದ್ದರೂ ಸ್ವಭಾವ ಇಳಿಯುತ್ತದೆ. ಒಂದು ಹೊಲದಲ್ಲಿ ಒಂದೇ ಚಳಿಯನ್ನುಂಡ ಗಿಡಗಳಲ್ಲಿ ಕೆಲವು ಹೂಬಿಟ್ಟವು, ಕೆಲವು ಬಿಡಲಿಲ್ಲ ಎಂದರೆ, ಹೂಬಿಟ್ಟವುಗಳಲ್ಲಿ ಬೇಗ ಹೂಬಿಡುವ ಗುಣ ಹೆಚ್ಚಾಗಿ ಇದ್ದಿರಬೇಕು. ಅವುಗಳ ಬೀಜವನ್ನೇ ಆರಿಸಿ ವರ್ಷವರ್ಷವೂ ಬಿತ್ತುವವನು ತನಗರಿವಿಲ್ಲದೆ ಹೂವಿನ ತಳಿಯನ್ನೇ ಸಾಕುತ್ತಾನೆ. ಬೀಜ ಬೇಕಾದವರು ಹೂಬಿಡದೆ ಚೆನ್ನಾಗಿ ಕೂತ ಗೆಡ್ಡೆಗಳನ್ನು ಆರಿಸಿ, ಹಾಳಾಗದಂತೆ ಇಟ್ಟು, ಮುಂದಿನ ಅಕ್ಟೋಬರ್-ನವೆಂಬರಿನಲ್ಲಿ ಅವುಗಳನ್ನು ನೆಟ್ಟು ಬೀಜ ಪಡೆಯುವುದೇ ಸರಿಯಾದ ಕ್ರಮ. ಇದಕ್ಕೆ ಒಂದು ವರ್ಷ ಹೆಚ್ಚು ಬೇಕು, ಗೆಡ್ಡೆಗಳನ್ನು ಮಾರದೆ ಉಳಿಸಿಕೊಳ್ಳುವ ಅನುಕೂಲವೂ ಬೇಕು. ಸಾಲವಿರುವ ಮನೆಗೆ ಇದು ಸುಲಭವಲ್ಲ.

ಇನ್ನು ಪರಿಹಾರದ ವಿಷಯ. ಮೇಲಿನ ವಿವರಣೆಯಿಂದ ಮುಖ್ಯೋಪಾಯ ತಾನಾಗಿಯೇ ಹೊರಡುತ್ತದೆ: ಚಳಿಯ ವಾರಗಳಲ್ಲಿ ಗಿಡ ದೊಡ್ಡದಾಗಿರದಂತೆ ನೋಡಿಕೊಳ್ಳಬೇಕು. ಹಿಂಗಾರಿನ ಬೆಳೆಗೆ ಒಟ್ಲನ್ನು ಅಕ್ಟೋಬರಿನ ಕೊನೆಯಿಂದ ನವೆಂಬರಿನೊಳಗೆ ಹಾಕಿ, ಆರೇಳು ವಾರಗಳ ಸಸಿಯನ್ನು ಡಿಸೆಂಬರಿನ ಕೊನೆ, ಜನವರಿಯ ಮೊದಲಲ್ಲಿ ನಾಟಿ ಮಾಡುವುದು ಕ್ಷೇಮಕರ. ಒಟ್ಲಿನಲ್ಲಿಯೇ ಬಲಿತು ದಪ್ಪವಾದ ಸಸಿಗಳನ್ನು, ಹಣ ಹೋಯಿತೆಂದು ಮರುಗದೆ, ನಾಟಿಗೆ ಬಳಸದೆ ಬಿಡಬೇಕು. ದಪ್ಪ ಸಸಿಯೇ ಒಳ್ಳೆಯ ಸಸಿಯೆಂಬ ನಂಬಿಕೆ ಬೇರೆ ಬೆಳೆಗಳಲ್ಲಿ ಸಲ್ಲಬಹುದು, ಇಲ್ಲಿ ಸಲ್ಲದು. ಮಹಾರಾಷ್ಟ್ರದಲ್ಲಿ ಆಗಸ್ಟ್-ಸೆಪ್ಟೆಂಬರಿನಲ್ಲಿ ಬಿತ್ತಿ ಅಕ್ಟೋಬರಿನ ಸುಮಾರಿಗೆ ನಾಟಿ ಮಾಡುವ 'ರಾಂಗಡಾ' ಬೆಳೆಯಲ್ಲಿ ಹೂದಂಟೂ ಜೋಡಿಗೆಡ್ಡೆಯೂ ಹೆಚ್ಚು. ಕಾರಣ ನಮ್ಮ ಮೊದಲ ಹೊಲದ್ದೇ. ಪುಣೆ ಜಿಲ್ಲೆಯ ರಾಜಗುರುನಗರದಲ್ಲಿರುವ ಈರುಳ್ಳಿ ಮತ್ತು ಬೆಳ್ಳುಳ್ಳಿ ಸಂಶೋಧನ ನಿರ್ದೇಶನಾಲಯದವರು ಆ ಋತುವನ್ನು ತಾಳಿಕೊಳ್ಳುವ ಭೀಮಾ ಶಕ್ತಿ ಮೊದಲಾದ ತಳಿಗಳನ್ನು ಇದಕ್ಕಾಗಿಯೇ ಸೂಚಿಸಿದ್ದಾರೆ.

ಇಷ್ಟು ಹೇಳಿ ಮುಗಿಸಿದ್ದರೆ ಲೇಖನ ಅಚ್ಚುಕಟ್ಟಾಗುತ್ತಿತ್ತು. ಆದರೆ ಸತ್ಯ ಅರ್ಧವಾಗುತ್ತಿತ್ತು. ಮೊದಲ ಹೊಲದವರು ತಡಮಾಡಿ ನಾಟಿ ಹಾಕಲಿಲ್ಲವೇಕೆ? ಅವರಿಗೆ ಕೊಳವೆಬಾವಿ ಇರಲಿಲ್ಲ. ಈ ಸೀಮೆಯಲ್ಲಿ ಮುಂಗಾರು ದುರ್ಬಲ. ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ ಬೇಸಾಯದ ಆಧಾರ. ಸ್ವಾತಿಯ ಹದ ತಪ್ಪಿದರೆ ಮತ್ತೆ ನೆಲ ನೆನೆಯುವುದು ಮುಂದಿನ ಬೇಸಗೆ ಮಳೆಗೇ. ದಾಯಾದಿಗೆ ಬಾವಿಯಿತ್ತು; ಆದ್ದರಿಂದ ಡಿಸೆಂಬರಿನವರೆಗೆ ಕಾಯಲು ಸಾಧ್ಯವಾಯಿತು, ಏಪ್ರಿಲಿನವರೆಗೆ ನೀರು ಹಾಯಿಸಲೂ ಸಾಧ್ಯವಾಯಿತು. 'ತಡವಾಗಿ ಬಿತ್ತು' ಎಂಬ ಸಲಹೆ, ಬಿಡಿಸಿ ನೋಡಿದರೆ, 'ಬಾವಿಯುಳ್ಳವನಾಗು' ಎಂಬ ಸಲಹೆಯೇ. ಕೃಷಿಯ ಕೈಪಿಡಿಗಳು ಈ ಮಾತನ್ನು ಹೇಳದೆ ಬಿಡುವುದು ನಮಗೆ ಸರಿತೋರುವುದಿಲ್ಲ.

ಮಳೆಯನ್ನೇ ನಂಬಿದವರಿಗೆ ಉಳಿದಿರುವ ಮಾರ್ಗಗಳು ಕೆಲವಿವೆ. ಒಂದು, ತಡಮಾಡುವುದರ ಬದಲು ಮುಂಚೆಯೇ ಹೋಗುವುದು. ಜೂನಿನಲ್ಲಿ ಒಟ್ಲು ಹಾಕಿ ಜುಲೈ ಕೊನೆಗೆ ನಾಟಿ ಮಾಡಿದರೆ ನವೆಂಬರಿನೊಳಗೆ, ಚಳಿ ಬಲಿಯುವ ಮುನ್ನ, ಗೆಡ್ಡೆ ಕೀಳಬಹುದು. ಆದರೆ ಕೊಯ್ಲು ಮಳೆಗೆ ಸಿಕ್ಕುವ ಭಯ, ಎಲೆಯ ನೇರಳೆ ಮಚ್ಚೆ ರೋಗದ ಭಯ, ಗೆಡ್ಡೆ ಹೆಚ್ಚು ದಿನ ತಾಳದಿರುವ ಕೊರತೆ ಇದಕ್ಕೆ ಅಂಟಿಕೊಂಡಿವೆ. ಇನ್ನೊಂದು, ಗುಂಡ್ಲುಪೇಟೆ, ಚಾಮರಾಜನಗರಗಳ ಕಡೆ ಬೆಳೆಯುವ, ಗೊಂಚಲುಗೆಡ್ಡೆಯ ಸಾಂಬಾರ್ ಈರುಳ್ಳಿ. ಗೆಡ್ಡೆಯಿಂದಲೇ ನೆಡುವ ಇದರ ಹಳೆಯ ಬಗೆಗಳು ಅರುವತ್ತು ಎಪ್ಪತ್ತು ದಿನಗಳಲ್ಲಿ ಕೈಗೆ ಬರುತ್ತವೆ. ಹೂವಿನ ತೊಂದರೆಯೂ ಕಡಮೆ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾನಿಲಯದ ಕೋ-5 ಎಂಬ ತಳಿ ಮಾತ್ರ ಹೂಬಿಟ್ಟು ಬೀಜ ಕಟ್ಟುವಂತೆಯೇ ರೂಪಿಸಿದ್ದು. ಅದರ ಪ್ರಯೋಜನವೇ ಬೀಜದಿಂದ ಬೆಳೆಯಬಹುದೆಂಬುದರಲ್ಲಿದೆ. ಅದನ್ನು ಬೆಳೆಯುವವರು ಈ ಭೇದವನ್ನು ಮರೆಯಬಾರದು.

ಗೆಡ್ಡೆಯಿಂದ ನೆಡುವಲ್ಲಿಯೂ ಗಾತ್ರದ ನಿಯಮ ಬಿಡುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಥಾಂಪ್ಸನ್ ಮತ್ತು ಸ್ಮಿತ್ ಎಂಬವರು 1938ರಲ್ಲಿ ಹೊರತಂದ ವರದಿ ಈ ವಿಷಯದಲ್ಲಿ ಇಂದಿಗೂ ಆಧಾರಗ್ರಂಥವಾಗಿದೆ. ಬೀಜದಿಂದ ಬೆಳೆದ ಕಿರುಗೆಡ್ಡೆಗಳನ್ನು ನೆಡುವ ಪದ್ಧತಿಯಲ್ಲಿ ದಪ್ಪ ಗೆಡ್ಡೆಗಳು ಹೆಚ್ಚಾಗಿ ಹೂವಿಗೆ ಹೋಗುತ್ತವೆ. ನೆಡುವ ಮುನ್ನ ತಂಪಾದ ಕೋಣೆಯಲ್ಲಿಟ್ಟವು ಇನ್ನೂ ಹೆಚ್ಚಾಗಿ ಹೋಗುತ್ತವೆ. 25 ಡಿಗ್ರಿಗೆ ಮೇಲ್ಪಟ್ಟ ಬೆಚ್ಚಗಿನ ಜಾಗದಲ್ಲಿಟ್ಟವುಗಳಲ್ಲಿ ಹೂವು ಕಡಮೆ. ಒಲೆಯ ಮೇಲಿನ ಅಟ್ಟದಲ್ಲಿ ಬಿತ್ತನೆ ಗೆಡ್ಡೆಯನ್ನು ಕಟ್ಟಿಡುವ ನಮ್ಮ ಹಿರಿಯರ ವಾಡಿಕೆ ಹುಳುವಿನಿಂದ ಕಾಪಾಡುವುದಕ್ಕೆಂದು ಹುಟ್ಟಿದ್ದಿರಬಹುದು. ಫಲಿತಾಂಶದಲ್ಲಿ ಅದು ಕಾರ್ನೆಲಿನ ಪ್ರಯೋಗಕ್ಕೆ ವಿರೋಧವಾಗಿಲ್ಲ.

ಗೊಬ್ಬರದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಳಕೆಯಲ್ಲಿದೆ. ಗೊಬ್ಬರ ಹೆಚ್ಚಾದ್ದರಿಂದ ಗಿಡ ಸೊಕ್ಕಿ ಹೂಬಿಟ್ಟಿತೆಂದು ಹಲವರು ನಂಬಿದ್ದಾರೆ. ವಾಸ್ತವವಾಗಿ ಸಾರಜನಕದ ಕೊರತೆಯಿರುವ ಗಿಡವೇ ಹೂವಿಗೆ ಬೇಗ ತಿರುಗುತ್ತದೆಂದು ಪ್ರಯೋಗಗಳು ತೋರಿಸಿವೆ. ಆದುದರಿಂದ ನೆಲಕ್ಕೆ ಮೊದಲೇ ಸಾಕಷ್ಟು ಕೊಟ್ಟಿಗೆ ಗೊಬ್ಬರ ಸೇರಿಸಿ, ಸಾರಜನಕದ ಗೊಬ್ಬರವನ್ನು ನಾಟಿಯ ಸಮಯ, ತಿಂಗಳ ಮೇಲೆ ಒಂದು, ನಲವತ್ತೈದು ದಿನಗಳೊಳಗೆ ಇನ್ನೊಂದು ಎಂದು ಹಂಚಿ ಕೊಟ್ಟು ನಿಲ್ಲಿಸಬೇಕು. ಅದಕ್ಕೂ ತಡವಾಗಿ ಕೊಟ್ಟರೆ ಕತ್ತು ದಪ್ಪವಾಗಿ ಗೆಡ್ಡೆ ಕೆಡುತ್ತದೆ. ಸಾಲುಗಳಿಗೆ 15, ಗಿಡಗಳಿಗೆ 10 ಸೆಂಟಿಮೀಟರಿನ ಒತ್ತಾದ ನಾಟಿಯೂ ಸಹಾಯಕ: ಒತ್ತಾಗಿ ಬೆಳೆದ ಗಿಡಗಳು ಒಂದರ ನೆರಳು ಒಂದಕ್ಕೆ ಬಿದ್ದು ಬೇಗ ಗೆಡ್ಡೆಗೆ ಇಳಿಯುತ್ತವೆ. ನೀರು ತಪ್ಪಿಸಿ ಮತ್ತೆ ಹಾಯಿಸುವುದರಿಂದ ಆಗುವ ಏರುಪೇರನ್ನೂ ಕೈಪಿಡಿಗಳು ಕಾರಣಗಳಲ್ಲಿ ಎಣಿಸುತ್ತವೆ.

ದಂಟು ಎದ್ದ ಮೇಲೆ ಮಾಡಬಹುದಾದದ್ದು ಕಡಮೆ. ಅದನ್ನು ಮುರಿದುಹಾಕಿದರೆ ಗೆಡ್ಡೆ ಮತ್ತೆ ತುಂಬಿಕೊಳ್ಳುತ್ತದೆಂಬ ನಂಬಿಕೆ ಬಹಳ ಕಡೆ ಇದೆ. ಕುಡಿ ಒಮ್ಮೆ ಹೂವಾಗಿ ಮಾರ್ಪಟ್ಟ ಮೇಲೆ ಅದು ಎಲೆಯ ಕುಡಿಯಾಗಿ ಹಿಂದಿರುಗದು. ಮುರಿದ ಟೊಳ್ಳು ದಂಟಿನೊಳಗೆ ಮಳೆಯ ನೀರು ಇಳಿದರೆ ಕೊಳೆ ಮಾತ್ರ ಬೇಗ ಬರುತ್ತದೆ. ಅಂಥ ಗಿಡಗಳನ್ನು ಮೊದಲೇ ಕಿತ್ತು, ಎಳೆಯ ದಂಟನ್ನೂ ಎಲೆಯನ್ನೂ ಪಲ್ಯಕ್ಕೆ, ಗೆಡ್ಡೆಯನ್ನು ಕೂಡಲೆ ಬಳಕೆಗೆ ಮಾರಿಬಿಡುವುದು ಲಾಭ. ಉಳಿದ ಗೆಡ್ಡೆಗಳೊಡನೆ ಅವನ್ನು ದಾಸ್ತಾನು ಮಾಡಲೇಬಾರದು.

ಕೊನೆಗೆ ದಾಖಲೆಯ ಮಾತು. ಕೊಯಮತ್ತೂರಿನ ಕಾಲದ ಅಡಂಗಲ್ ಇರಲಿ, ಈಗಿನ ಪಹಣಿ ಇರಲಿ, ಈ ಹೊಲದಲ್ಲಿ ಈ ವರ್ಷ ಈರುಳ್ಳಿ ಇಷ್ಟು ವಿಸ್ತೀರ್ಣ ಎಂದಷ್ಟೇ ಹೇಳುತ್ತವೆ. ಯಾವ ದಿನ ಬಿತ್ತಿದರು, ಹೂವಾಯಿತೆ ಇಲ್ಲವೆ ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ. ಮೇಲಿನ ಎರಡು ಹೊಲಗಳೂ ಸರಕಾರದ ಪುಸ್ತಕದಲ್ಲಿ ಒಂದೇ. ನಾಳೆ ಈ ಸೀಮೆಯ ಬೇಸಾಯದ ಚರಿತ್ರೆಯನ್ನು ಬರೆಯುವವನಿಗೆ ಒಂದು ಮನೆ ಸಾಲದಿಂದ ಪಾರಾದುದಕ್ಕೂ ಇನ್ನೊಂದು ಮುಳುಗಿದುದಕ್ಕೂ ಕಾರಣ ಆ ಕಾಗದಗಳಲ್ಲಿ ಸಿಕ್ಕುವುದಿಲ್ಲ. ಬೆಳೆಗಾರರ ನೆನಪೂ ಅಷ್ಟು ನೆಚ್ಚತಕ್ಕದ್ದಲ್ಲ: ನಾವು ಮೊದಲು ಕೇಳಿದಾಗ ಇಬ್ಬರೂ ನಾಟಿ ಮಾಡಿದ್ದು "ದೀಪಾವಳಿ ಆದ್ಮೇಲೆ" ಎಂದೇ ಹೇಳಿದ್ದರು, ಮಳೆನಕ್ಷತ್ರಗಳ ಹೆಸರು ಹಿಡಿದು ಕೇಳಿದ ಮೇಲೆಯೇ ಅಂತರ ಹೊರಬಿದ್ದಿತು.

ಕೊಳ್ಳೇಗಾಲ, ಹನೂರು, ಯಳಂದೂರುಗಳ ಕಾಲೇಜುಗಳಲ್ಲಿರುವ ನಮ್ಮ ಸಹೋದ್ಯೋಗಿಗಳಲ್ಲಿ, ಅವರು ಇತಿಹಾಸದವರಾಗಲಿ ಸಸ್ಯಶಾಸ್ತ್ರದವರಾಗಲಿ, ನಮ್ಮದೊಂದು ಬಿನ್ನಹ. ಈರುಳ್ಳಿ ಬೆಳೆಯುವ ಮನೆಗಳಿಂದ ಬರುವ ವಿದ್ಯಾರ್ಥಿಗಳು ಒಂದು ಪುಟದ ಟಿಪ್ಪಣಿಯನ್ನು ಇಡುವಂತೆ ಮಾಡಬೇಕು: ಒಟ್ಲು ಹಾಕಿದ ದಿನ, ನಾಟಿಯ ದಿನ, ಮೊದಲ ಹೂದಂಟು ಕಂಡ ದಿನ, ಡಿಸೆಂಬರ್ 15ರಂದು ಹತ್ತು ಗಿಡಗಳ ಎಲೆಗಳ ಎಣಿಕೆ ಮತ್ತು ಕತ್ತಿನ ದಪ್ಪ, ಸಾಧ್ಯವಾದಲ್ಲಿ ಕಾಲೇಜಿನ ಉಷ್ಣಮಾಪಕದಿಂದ ಆ ವಾರಗಳ ಬೆಳಗಿನ ಜಾವದ ಉಷ್ಣತೆ. ಊರಿನ ಹೆಸರು ಮತ್ತು ಹೊಲ ಮೇಲುನೆಲದ್ದೋ ಬಯಲಿನದೋ ಎಂಬುದನ್ನು ಸೇರಿಸಿದರೆ ಸಾಕು, ಬೆಳೆಗಾರರ ಹೆಸರು ಬೇಕಿಲ್ಲ. ಇಂಥ ಟಿಪ್ಪಣಿಗಳನ್ನು ವಿಭಾಗಕ್ಕೆ ಕಳುಹಿಸಿಕೊಟ್ಟರೆ ಊರೂರಿನ ದಿನಗಳನ್ನು ಒಂದು ಪಟ್ಟಿಯಾಗಿ ಜೋಡಿಸಿ, ಮುಂದಿನ ಉತ್ತರೆ ಮಳೆಗೆ ಮೊದಲೇ ಆಯಾ ಗ್ರಾಮಗಳಿಗೆ ಹಿಂದಿರುಗಿಸುತ್ತೇವೆ.